ಮರಿಯವ್ವ ಇದ್ದ ಖೋಲಿ

ಮುಂಬಾಗಿಲಿನ ಬಲಕ್ಕೆ, ಕರೆಗಂಟೆಯ ಗುಂಡಿಗಿಂತ ಒಂದು ಮೊಳ ಮೇಲೆ, ಆ ಕರಿಯ ಕಲ್ಲು ಹಚ್ಚಿ ಹದಿನೈದು ದಿನವಾಗಿತ್ತು. ಆದರೂ ಸುಮಿತ್ರವ್ವನಿಗೆ ಅದು ತನ್ನ ಮನೆಯ ಕಲ್ಲು ಅನ್ನಿಸಿರಲಿಲ್ಲ. ಬೆಳಿಗ್ಗೆ ಹೊಸ್ತಿಲಿಗೆ ಅರಿಷಿಣ ಹಚ್ಚಿ ಸೊಂಟ ಹಿಡಿದುಕೊಂಡು ಏಳುವಾಗ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. 'ಈ ಮನೆಯಲ್ಲಿ ಸೂಲಗಿತ್ತಿ ಮರಿಯವ್ವ ವಾಸವಾಗಿದ್ದರು. ಮೂರು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಮಹಾತಾಯಿ.' ಮೂರು ಸಾವಿರದ ಮಾತು ಇರಲಿ, ಎಣಿಸಿದವರು ಯಾರೂ ಇಲ್ಲ, ಹೆಚ್ಚೇ ಇದ್ದೀತು. ಮೊದಲನೆಯ ಸಾಲಿನದೇ ತಕರಾರು. ಸುಮಿತ್ರವ್ವ ಈ ಮನೆಗೆ ಸೊಸೆಯಾಗಿ ಬಂದು ಐವತ್ತು ವರ್ಷ. ಮರಿಯವ್ವ ಇಲ್ಲಿ ವಾಸವಾಗಿದ್ದಳೇ? ಇದ್ದಳು ಅಂದರೆ ಇದ್ದಳು, ಇಲ್ಲ ಅಂದರೆ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಅವಳ ಉತ್ತರ.

ಕಲ್ಲು ಬಂದ ಬಗೆಯೇ ಒಂದು ಚೋದ್ಯ. ಗದಗ-ಬೆಟಗೇರಿಯ ಹತ್ತಾರು ಮಂದಿ ಸೇರಿ 'ಊರ ನೆನಪು ಬಳಗ' ಎಂದು ಕಟ್ಟಿಕೊಂಡಿದ್ದರು. ಊರಿಗೆ ಹೆಸರು ತಂದವರು ಬಾಳಿದ ಮನೆಗಳಿಗೆ ಒಂದೊಂದು ಕಲ್ಲು ಹಚ್ಚುವುದು ಅವರ ಕೆಲಸ. ಒಬ್ಬ ಪೈಲ್ವಾನನ ಮನೆಗೆ, ಹಾರ್ಮೋನಿಯಂ ದುರಸ್ತಿ ಮಾಡುತ್ತಿದ್ದವನ ಮನೆಗೆ, ಒಬ್ಬ ನೇಕಾರನ ಮನೆಗೆ, ಪ್ಲೇಗಿನ ವರ್ಷ ಎಲ್ಲರೂ ಓಡಿಹೋದರೂ ಊರು ಬಿಡದೆ ನಿಂತ ಕಂಪೌಂಡರನ ಮನೆಗೆ ಆಗಲೇ ಹಚ್ಚಿಯಾಗಿತ್ತು. ಸುಮಿತ್ರವ್ವನ ಮಗ ಸಿದ್ದಲಿಂಗೇಶ, ಹತ್ತಿಬೀಜದ ವ್ಯಾಪಾರಿ, ತನ್ನ ಅಜ್ಜ ಉಳವಪ್ಪನಿಗೂ ಒಂದು ಕಲ್ಲು ಬೇಕೆಂದು ಬಳಗದ ಪರಶುರಾಮ ಮಾಸ್ತರರ ಹಿಂದೆ ಬಿದ್ದಿದ್ದ.

"ನಿಮ್ಮ ಅಜ್ಜಾರು ಏನು ಮಾಡ್ಯಾರ್ರಿ?" ಎಂದು ಮಾಸ್ತರರು ಕೇಳಿದರು.

"ಅರವತ್ತು ಎಕರೆ ಎರಿಹೊಲಾ ಮಾಡಿದ್ರು!"

"ಅದು ಅವರಿಗೆ ಆತ್ರಿ. ಊರಿಗೆ?"

ಸಿದ್ದಲಿಂಗೇಶ ತಲೆ ಕೆರೆದುಕೊಂಡು ಬಂದಿದ್ದ. ಅದೇ ಹೊತ್ತಿಗೆ ಬಳಗದವರು ಐದನೆಯ ಕಲ್ಲನ್ನು ಮರಿಯವ್ವನಿಗೆ ಎಂದು ಗೊತ್ತು ಮಾಡಿದರು. ಆದರೆ ಅವಳ ಗುಡಿಸಲು ರಸ್ತೆ ಅಗಲ ಮಾಡುವಾಗಲೇ ನೆಲಸಮವಾಗಿ ಅದರ ಮೇಲೆ ಡಾಂಬರು ಬಿದ್ದಿತ್ತು. ಕಲ್ಲು ಹಚ್ಚಲು ಗೋಡೆ ಬೇಕಲ್ಲ? ಮಾಸ್ತರರು ಕೈಚೆಲ್ಲಿ ಕುಳಿತಾಗ ಸಿದ್ದಲಿಂಗೇಶ ಮುಂದೆ ಬಂದು, "ಮರಿಯವ್ವ ನಮ್ಮ ಮನ್ಯಾಗ ಇದ್ಳಲ್ರಿ!" ಎಂದುಬಿಟ್ಟ. ಅಜ್ಜನ ಹೆಸರಿನಲ್ಲಿ ಸಿಗದ ಕಲ್ಲು ಸೂಲಗಿತ್ತಿಯ ಹೆಸರಿನಲ್ಲಾದರೂ ಮನೆಗೆ ಬಂತು. ಪೇಪರಿನಲ್ಲಿ ಅವನ ಫೋಟೋವೂ ಬಂತು.

"ಆಕಿ ನಮ್ಮ ಮನ್ಯಾಗ ಯಾವಾಗ ಇದ್ಳೋ?" ಎಂದು ಅವತ್ತು ಸುಮಿತ್ರವ್ವ ಕೇಳಿದ್ದಳು.

"ನೀನಽ ಹೇಳೀಯಲ್ಲ ಯವ್ವಾ. ನಾ ಹುಟ್ಟಿದಾಗ ಹನ್ನೊಂದು ದಿನ ಇದ್ಳು, ಕಾಕಾನ ಮಕ್ಕಳು ಹುಟ್ಟಿದಾಗ ಇದ್ಳು. ಎಲ್ಲಾ ಕೂಡಿಸಿದ್ರ ತಿಂಗಳ ಮ್ಯಾಲ ಆತಿಲ್ಲೋ?"

ಅದು ಸುಳ್ಳಲ್ಲ. ಹಾಗಂತ ಖರೆಯೂ ಅಲ್ಲ. 'ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು' ಅನ್ನುವ ಜಾತಿಯವನು ಮಗ. ಅವನೊಡನೆ ವಾದಿಸಿ ಗೆದ್ದವರಿಲ್ಲ. ಸುಮಿತ್ರವ್ವ ಸುಮ್ಮನಾದಳು. ಸುಮ್ಮನಾದದ್ದೇ ತಪ್ಪಾಯಿತೇನೋ ಎಂದು ಈಗ ಅನ್ನಿಸುತ್ತಿತ್ತು.

ಬಳಗದವರು ಕಲ್ಲು ಹಚ್ಚಿದ್ದು ಜನ ಓದಲಿ ಎಂದು. ನಮ್ಮ ಜನ ಬರೀ ಓದಿ ಹೋಗುವವರೇ? ಮೂರನೆಯ ದಿನಕ್ಕೇ ಕಳಸಾಪುರದಿಂದ ಒಂದು ಟಂಟಂ ತುಂಬ ಹೆಣ್ಣುಮಕ್ಕಳು ಬಂದಿಳಿದರು. ನಡುವೆ ಒಬ್ಬಳು ತುಂಬಿದ ಬಸುರಿ. ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿದರು, ಊದಿನಕಡ್ಡಿ ಬೆಳಗಿದರು. ಆಮೇಲೆ ಉಡಿ ತುಂಬಬೇಕು. ಕಲ್ಲಿಗೆ ಉಡಿ ಎಲ್ಲಿಂದ ಬರಬೇಕು? ಒಬ್ಬ ಮುದುಕಿ ಕುಪ್ಪಸದ ಖಣವನ್ನು ಕಲ್ಲಿನ ಕೆಳಗಿನ ಮೊಳೆಗೆ ಜೋಳಿಗೆಯಂತೆ ಕಟ್ಟಿ, ಅದರೊಳಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲಿ-ಅಡಿಕೆ ತುಂಬಿದಳು. "ಸುಸೂತ್ರ ಹಡಿಲಿ ನಮ್ಮವ್ವಾ" ಎಂದು ಬಸುರಿಯ ಹಣೆಯನ್ನು ಕಲ್ಲಿಗೆ ತಾಗಿಸಿದಳು. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಬಿಂಕದಕಟ್ಟಿಯ ಮೃಗಾಲಯಕ್ಕೆ ಹುಲಿ ನೋಡಲು ಹೋಗುವ ಶಾಲೆ ಮಕ್ಕಳ ಬಸ್ಸೂ ಮನೆಯ ಮುಂದೆ ಐದು ನಿಮಿಷ ನಿಲ್ಲತೊಡಗಿತು.

ಬಂದವರೆಲ್ಲರದೂ ಒಂದೇ ಪ್ರಶ್ನೆ: "ಅಮ್ಮಾ, ಆಕಿ ಇದ್ದ ಖೋಲಿ ಯಾವುದ್ರಿ?"

ಸುಮಿತ್ರವ್ವ ನೀರು ತರುವ ನೆವ ಮಾಡಿ ಒಳಗೆ ಹೋಗಿಬಿಡುತ್ತಿದ್ದಳು. ನಾಲ್ಕು ದಿನ ಇದನ್ನು ನೋಡಿದ ಸೊಸೆ ಶೈಲಾ, ಜಾಣೆ, ಪಡಸಾಲೆಯ ಪಕ್ಕದ ಸಣ್ಣ ಖೋಲಿಯನ್ನು ಖಾಲಿ ಮಾಡಿಸಿದಳು. ಅಲ್ಲಿ ಒಂದು ಹಳೆಯ ಮಂಚ ಹಾಕಿ, ಹೊಸ ಗಾದಿ ಹಾಸಿ, ಮೂಲೆಯಲ್ಲಿ ತಾಮ್ರದ ತಂಬಿಗೆ ಇಟ್ಟಳು. "ಇದಽ ನೋಡ್ರಿ" ಎಂದು ತೋರಿಸಿದಳು. ಮಂದಿ ಮಂಚಕ್ಕೆ ಕೈಮುಗಿದರು. ಸುಮಿತ್ರವ್ವನ ಗಂಡ ತೀರಿಕೊಂಡ ಮಂಚ ಅದು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಖರೆ ಏನೆಂದರೆ ಮರಿಯವ್ವ ಕೆಳಗಿನ ಓಣಿಯವಳು. ದೊಡ್ಡ ಮನೆಗಳ ಹೆರಿಗೆಗೆ ಅವಳೇ ಆಗಬೇಕು, ಆದರೆ ಮುಂಬಾಗಿಲಿಗೆ ಅವಳು ಬರಬಾರದು. ಹಿಂದಿನ ಸಂದಿಯಲ್ಲಿ ಬಂದು, ದನದ ಕೊಟ್ಟಿಗೆ ದಾಟಿ, ಬಚ್ಚಲ ಪಕ್ಕದ ಬಾಣಂತಿ ಖೋಲಿಗೆ ಹೋಗಬೇಕು. ಹೆರಿಗೆಯಾದ ಮೇಲೆ ಹನ್ನೊಂದು ದಿನ ಕೂಸಿಗೆ ನೀರು ಎರೆಯಬೇಕು. ಮಲಗುವುದು, ಉಣ್ಣುವುದು ಕೊಟ್ಟಿಗೆಯಲ್ಲಿ, ಎತ್ತುಗಳು ಮೇವು ತಿನ್ನುವ ಗ್ವಾದಲಿಯ ಪಕ್ಕದಲ್ಲಿ. ಚೊಚ್ಚಲ ಹೆರಿಗೆಗೆ ಸುಮಿತ್ರವ್ವ ತವರೂರು ಲಕ್ಷ್ಮೇಶ್ವರಕ್ಕೆ ಹೋಗಿದ್ದಳು. ಎರಡನೆಯವನು ಸಿದ್ದಲಿಂಗೇಶ, ಹುಟ್ಟಿದ್ದು ಇಲ್ಲಿಯೇ. ಕಾಲು ಮುಂದಾಗಿ ಬಂದ ಕೂಸು. ಎರಡು ದಿನ ನೋವು ತಿಂದು ಸುಮಿತ್ರವ್ವ ಆಸೆ ಬಿಟ್ಟಿದ್ದಾಗ ತಾಯಿ-ಮಗ ಇಬ್ಬರನ್ನೂ ಈಚೆಗೆ ಎಳೆದು ಹಾಕಿದವಳು ಮರಿಯವ್ವ. ಆ ಕೈಯ ಋಣ ಈ ಜನ್ಮದಲ್ಲಿ ತೀರುವುದಿಲ್ಲ.

ಅಷ್ಟಿದ್ದೂ, ಮರು ವರ್ಷ ನೆಗೆಣ್ಣಿಯ ಬಾಣಂತನದಲ್ಲಿ, ಮರಿಯವ್ವ ಕೂಸಿಗೆ ಎರೆದು ಎದ್ದು ಹೋದ ಕೂಡಲೇ ಅವಳು ಕುಳಿತ ಬಚ್ಚಲ ಕಲ್ಲಿಗೆ ನಾಲ್ಕು ಬಿಂದಿಗೆ ನೀರು ಸುರಿದು ತೊಳೆದವಳು ಸುಮಿತ್ರವ್ವನೇ. ಅತ್ತೆ ತೊಳೆ ಅಂದಳು, ಇವಳು ತೊಳೆದಳು. ಮರಿಯವ್ವ ಇನ್ನೂ ಕೊಟ್ಟಿಗೆಯ ಬಾಗಿಲಲ್ಲಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. ನೀರಿನ ಸಪ್ಪಳ ಕೇಳಿದರೂ ತಿರುಗಿ ನೋಡಲಿಲ್ಲ. ಆ ತಿರುಗದ ಬೆನ್ನು ನೆನಪಾದರೆ ಸುಮಿತ್ರವ್ವನಿಗೆ ಇವತ್ತಿಗೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಇಂಥದರಲ್ಲಿ ಮೊಮ್ಮಗಳು ಐಶ್ವರ್ಯಾ ಹಡೆದಳು. ಮುಂಡರಗಿಗೆ ಕೊಟ್ಟ ಹುಡುಗಿ, ಚೊಚ್ಚಲಿಗೆ ತವರಿಗೆ ಬಂದಿದ್ದಳು. ಹೆರಿಗೆ ದವಾಖಾನೆಯಲ್ಲಾಯಿತು, ಹೆಣ್ಣುಕೂಸು. ಐದನೆಯ ದಿನ ಮನೆಗೆ ಕರೆತಂದರು. ದವಾಖಾನೆ ಎಷ್ಟೇ ದೊಡ್ಡದಿರಲಿ, ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಕೈ ಅಲ್ಲಿ ಸಿಗುವುದಿಲ್ಲ. ಶೈಲಾ ನೆರೆಮನೆಯವರನ್ನು ಕೇಳಿ, ಫೋನು ಮಾಡಿ, ಒಬ್ಬಳನ್ನು ಗೊತ್ತು ಮಾಡಿದಳು. "ನಾಳೆ ಎಂಟಕ್ಕ ಬರ್ತಾಳ ಅತ್ತೀ. ಕೈ ಭಾಳ ಚಲೋ ಐತಂತ."

ಮರುದಿನ ಎಂಟಕ್ಕೆ ಸುಮಿತ್ರವ್ವ ಕಟ್ಟೆಯ ಮೇಲೆ ನಿಂತು ಕಲ್ಲಿನಿಂದ ಇಳಿದ ಕುಂಕುಮವನ್ನು ಹಸಿ ಅರಿವೆಯಿಂದ ಒರೆಸುತ್ತಿದ್ದಳು. ಐವತ್ತು ದಾಟಿದ ಒಬ್ಬ ಹೆಂಗಸು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಬಂದು ಮೆಟ್ಟಿಲ ಕೆಳಗೆ ನಿಂತಳು. ಕಣ್ಣು ಕಲ್ಲಿನ ಮೇಲಿತ್ತು.

"ಎರಿಯಾಕ ಬಂದಾಕಿ ಹೌದಲ್ಲ?" ಅಂದಳು ಸುಮಿತ್ರವ್ವ. "ಹಿಂದ ಸಂದ್ಯಾಗಿಂದ ಬಾರವ್ವಾ, ಹಿತ್ತಲ ಬಾಗಲಾ ತೆರದೈತಿ."

"ಆತ್ರಿ" ಎಂದು ಹೆಂಗಸು ತಿರುಗಿ ಹೋದಳು.

ಹೋದ ಮೇಲೆ ಸುಮಿತ್ರವ್ವನ ಕೈಯಲ್ಲಿದ್ದ ಅರಿವೆ ಅಲ್ಲೇ ನಿಂತಿತು. ಈ ಮಾತು ಆಡಿದವರು ಯಾರು? ಅತ್ತೆ ಸತ್ತು ಇಪ್ಪತ್ತೆರಡು ವರ್ಷವಾಗಿದೆ. ಮಾತು ಅವಳದೇ, ರಾಗವೂ ಅವಳದೇ. ಇಲ್ಲ, ಬಚ್ಚಲು ಹಿಂದೆ ಇರುವುದರಿಂದ ಹೇಳಿದೆ, ಅದೇ ಹತ್ತಿರದ ದಾರಿ, ಎಂದು ತನಗೆ ತಾನೇ ಹೇಳಿಕೊಂಡಳು. ಹಾಲಿನವನು, ಗ್ಯಾಸಿನವನು ಎಲ್ಲರೂ ಮುಂದಿನಿಂದಲೇ ಬರುತ್ತಾರಲ್ಲ ಎಂದು ಇನ್ನೊಂದು ಮನಸ್ಸು ಅಂದಿತು. ಯಾವ ಮನಸ್ಸಿನ ಮಾತು ಕೇಳಬೇಕೋ ತಿಳಿಯದೆ ಒಳಗೆ ಹೋದಳು.

ಬಚ್ಚಲಲ್ಲಿ ಹೆಂಗಸು ಆಗಲೇ ಕಾಲು ಚಾಚಿ ಕುಳಿತು ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡಿದ್ದಳು. ಬಿಸಿನೀರನ್ನು ಮೊದಲು ತನ್ನ ಪಾದಕ್ಕೆ ಹಾಕಿ ನೋಡಿಕೊಂಡಳು. ಆಮೇಲೆ ಕೂಸಿನ ಮುಖಕ್ಕೆ ಬಾಗಿ, ಬೀಗರನ್ನು ಕೇಳುವಷ್ಟು ಮರ್ಯಾದೆಯಿಂದ ಕೇಳಿದಳು: "ಬಂದ್ರಿ? ಆರಾಮ ಬಂದ್ರಿ? ದಾರಿ ದೂರ ಆತೇನ್ರಿ?"

ಸುಮಿತ್ರವ್ವ ಒಂದು ಹೆಜ್ಜೆ ಮುಂದೆ ಬಂದಳು. ಐದು ದಿನದ ಕೂಸಿಗೆ ಬಹುವಚನ ಹಚ್ಚಿ, ಪ್ರಯಾಣದ ಸುಖದುಃಖ ಕೇಳುತ್ತಿದ್ದವಳು ಈ ಊರಲ್ಲಿ ಒಬ್ಬಳೇ. ಸಿದ್ದಲಿಂಗೇಶನನ್ನೂ ಇದೇ ಬಚ್ಚಲಲ್ಲಿ ಅವಳು ಹೀಗೆಯೇ ಕೇಳಿದ್ದಳು.

"ಯಾರ ಪೈಕಿ ಆಗಬೇಕವ್ವಾ ನೀ?"

"ಮರಿಯವ್ವನ ಮೊಮ್ಮಗಳ್ರಿ, ದುರಗವ್ವ. ರೈಲು ಹಳಿ ಆಚಿಕ ಇರತೀವ್ರಿ. ನಿಮ್ಮ ಮನ್ಯಾಗ ಆಯಿ ಹೆಸರಿನ ಕಲ್ಲು ಹಚ್ಯಾರಂತ ಮಂದಿ ಹೇಳಿದ್ರು. ನನಗ ಓದಾಕ ಬರಂಗಿಲ್ರಿ, ಅದಕ್ಕ ನಿಂತು ನೋಡಾಕತ್ತಿದ್ದೆ."

ಬಳಗದವರು ಮರಿಯವ್ವನ ಪೈಕಿ ಯಾರೂ ಉಳಿದಿಲ್ಲ ಎಂದು ಬರೆದುಕೊಂಡಿದ್ದರು. ಹಳಿ ದಾಟಿ ಒಬ್ಬರಾದರೂ ಕೇಳಬೇಕಿತ್ತಲ್ಲ? ಸುಮಿತ್ರವ್ವ ಏನಾದರೂ ಹೇಳುವ ಮೊದಲೇ ಶೈಲಾ ಕುಣಿಯುತ್ತ ಬಂದಳು. ಕೂಸನ್ನು ತೊಟ್ಟಿಲಿಗೆ ಹಾಕಿದ್ದೇ ತಡ, ದುರಗವ್ವನನ್ನು ಆ ಸಣ್ಣ ಖೋಲಿಗೆ ಕರೆದೊಯ್ದು, "ಇಲ್ಲಿ ನೋಡ, ನಿಮ್ಮ ಆಯಿ ಇದ್ದ ಖೋಲಿ" ಎಂದಳು.

ದುರಗವ್ವ ಹೊಸ್ತಿಲಲ್ಲೇ ಕುಕ್ಕರಿಸಿ, ಕೈ ನೀಡಿ ಗಾದಿಯ ತುದಿಯನ್ನು ಮುಟ್ಟಿ ನೋಡಿದಳು. ಕಣ್ಣು ತುಂಬಿ ಬಂತು.

"ಆಯಿ ಖರೇನಽ ಹೇಳತಿದ್ಳ್ರಿ" ಅಂದಳು. "ಆಕಿ ಇಲ್ಲಿಗೆ ಹೊಂಟ ನಿಂತ್ಳಂದ್ರ ನಾ ಸೆರಗ ಹಿಡದು ಅಳತಿದ್ದೆ. ಹನ್ನೊಂದು ದಿನ ಬರೂದಿಲ್ಲಲ್ಲ. 'ಅಳಬ್ಯಾಡ ದುರಗೀ, ಉಳದ ಮನ್ಯಾಗ ಕೊಟ್ಟಗಿ, ಆ ಮನ್ಯಾಗ ಮಂಚದ ಮ್ಯಾಲ ಗಾದಿ ಹಾಕಿ ಮಲಗಸ್ತಾರ' ಅಂತಿದ್ಳು. ನಾ ನಂಬಿ ಸುಮ್ನಾಗತಿದ್ದೆ. ದೊಡ್ಡಾಕಿ ಆದ ಮ್ಯಾಲ ಎಲ್ಲಿ ಮಂಚ, ಎಲ್ಲಿ ಗಾದಿ ಅಂತ ನಗತಿದ್ದೆ. ಇವತ್ತು ಕಣ್ಣೀಲೆ ನೋಡಿದೆ. ಜೀವಾ ತಂಪಾತ್ರಿ."

ಶೈಲಾಳ ಮುಖದ ನಗು ಸ್ವಲ್ಪ ಹುಳ್ಳಗಾಯಿತು. ಸುಮಿತ್ರವ್ವ ತೊಟ್ಟಿಲು ತೂಗುವವಳ ಹಾಗೆ ಅತ್ತ ತಿರುಗಿದಳು. ದುರಗವ್ವ ಹಿತ್ತಲ ಬಾಗಿಲಿನಿಂದಲೇ ಹೊರಟುಹೋದಳು.

ಮಧ್ಯಾಹ್ನ ಮಗ ಊಟಕ್ಕೆ ಬಂದಾಗ ಸುಮಿತ್ರವ್ವ ಎಲ್ಲ ಹೇಳಿ, "ಆಕಿಗೆ ಖರೆ ಹೇಳಬೇಕೋ" ಅಂದಳು.

ಸಿದ್ದಲಿಂಗೇಶ ರೊಟ್ಟಿ ಮುರಿಯುತ್ತ ತಾಯಿಯ ಮುಖ ನೋಡಿದ. "ಖರೆ ಹೇಳಿದ್ರ ಯಾರಿಗೆ ಚಲೋ ಆಗತೈತಿ ಯವ್ವಾ? ಆಕಿ ಖುಷಿ ಆಗಿ ಹೋಗ್ಯಾಳ. ಅದನ್ನ ಕಸಗೊಂಡು ನೀ ಏನು ಮಾಡಾಕಿ? ನಿನ್ನ ಎದಿ ಹಗುರ ಆಗಲಿ ಅಂತ ಆಕಿ ಎದಿ ಮ್ಯಾಲ ಕಲ್ಲು ಹೇರ್ತಿಯೇನು?"

ಎಂದೂ ಬುದ್ಧಿಮಾತು ಆಡದ ಮಗ ಅವತ್ತು ಆಡಿದ. ಅದೇ ಸುಮಿತ್ರವ್ವನನ್ನು ಹೆಚ್ಚು ಗಲಿಬಿಲಿಗೊಳಿಸಿತು. ಹೌದಲ್ಲ, ಮರಿಯವ್ವನೇ ಹೇಳಿದ ಸುಳ್ಳು. ಮೊಮ್ಮಗಳು ಅಳಬಾರದೆಂದು ಹೇಳಿದ ಸುಳ್ಳು. ಅದನ್ನು ಒಡೆಯಲು ತಾನು ಯಾರು? ಆದರೆ ಒಡೆಯದಿದ್ದರೆ, ಎತ್ತಿನ ಪಕ್ಕ ಮಲಗಿದವಳನ್ನು ಮಂಚದ ಮೇಲೆ ಮಲಗಿಸಿದ ಪುಣ್ಯ ಪುಕ್ಕಟೆಯಾಗಿ ಈ ಮನೆಗೆ ಬರುತ್ತದೆ. ಆ ಬಚ್ಚಲ ಕಲ್ಲು ತೊಳೆದ ಕೈಗೂ ಬರುತ್ತದೆ. ಮಾಡದ ಪುಣ್ಯ ಉಣ್ಣುವುದಕ್ಕಿಂತ ಮಾಡಿದ ಪಾಪ ಉಣ್ಣುವುದೇ ಲೇಸು. ದಿನವೆಲ್ಲ ತೂಗಿದಳು. ತಕ್ಕಡಿ ಒಂದು ಸಲ ಇತ್ತ ವಾಲಿದರೆ ಇನ್ನೊಂದು ಸಲ ಅತ್ತ ವಾಲಿತು.

ಮರುದಿನ ಎಂಟಕ್ಕೆ ಮತ್ತೆ ಕಟ್ಟೆಯ ಮೇಲೆ ಬಂದು ನಿಂತಳು. ದುರಗವ್ವ ಬಂದಳು, ಕಲ್ಲಿಗೆ ದೂರದಿಂದಲೇ ಕೈಮುಗಿದು ನೇರ ಸಂದಿಯ ಕಡೆಗೆ ತಿರುಗಿದಳು.

"ದುರಗವ್ವಾ, ಇತ್ತ ಬಾ. ಮುಂದಿಂದ ಬಾ."

"ಇರಲಿ ಬಿಡ್ರಿ ಅವ್ವಾರ, ಬಚ್ಚಲಾ ಹಿಂದಽ ಐತಲ್ರಿ."

"ನಾ ಕರಿಯಾಕತ್ತೀನಿ, ಬಾ."

ದುರಗವ್ವ ಚಪ್ಪಲಿ ಬಿಟ್ಟು, ಎರಡು ಸಲ ಕಾಲೊರೆಸಿಕೊಂಡು ಹೊಸ್ತಿಲು ದಾಟಿದಳು. ಸುಮಿತ್ರವ್ವ ಅವಳನ್ನು ಮಂಚದ ಖೋಲಿ ದಾಟಿಸಿ, ಅಡಿಗೆಮನೆ ದಾಟಿಸಿ, ಹಿತ್ತಲಿನ ಹಳೆಯ ಕೊಟ್ಟಿಗೆಗೆ ಕರೆತಂದಳು. ಈಗ ಅಲ್ಲಿ ಎತ್ತುಗಳಿಲ್ಲ. ಬೀಜದ ಚೀಲ, ಶೈಲಾಳ ಸ್ಕೂಟಿ. ಗ್ವಾದಲಿಯ ಕಲ್ಲು ಮಾತ್ರ ಇತ್ತು.

"ನಿಮ್ಮ ಆಯಿ ಇಲ್ಲಿ ಮಲಗತಿದ್ಳು" ಅಂದಳು ಸುಮಿತ್ರವ್ವ. "ಮಂಚ ಸುಳ್ಳು, ಗಾದಿ ಸುಳ್ಳು. ಇಲ್ಲೇ ಉಣತಿದ್ಳು. ನನ್ನ ಮಗನ್ನ ಬದುಕಿಸಿದಾಕಿಗೆ ನಾವು ಇಷ್ಟಽ ಜಾಗಾ ಕೊಟ್ಟಿದ್ವಿ. ನಿನ್ನಿ ನಿನ್ನ ಮುಂದ ನನಗ ಬಾಯಿ ಬರಲಿಲ್ಲ."

ದುರಗವ್ವ ಬಾಗಿ ಗ್ವಾದಲಿಯ ಕಲ್ಲನ್ನು ಕೈಯಿಂದ ಸವರಿದಳು. ಅವಳಿಗೆ ಸಿಟ್ಟು ಬಂದಿದೆಯೋ ದುಃಖ ಬಂದಿದೆಯೋ ಸುಮಿತ್ರವ್ವನಿಗೆ ಗೊತ್ತಾಗಲಿಲ್ಲ.

"ಹಂಗಾರ ಆಯಿ ನನಗ ಸುಳ್ಳಽ ಹೇಳಿದ್ಳು" ಅಂದಳು. "ಒಂದ ದಿನ ಎದ್ಯಾಗ ಇಟಗೊಂಡಿದ್ದೆ ನೋಡ್ರಿ ಆ ಮಂಚಾನ. ಒಂದಽ ದಿನ."

ಆ ಮಾತು ಸುಮಿತ್ರವ್ವನಿಗೆ ನಾಟಿತು. ತಡೆಯಲಾರದೆ, "ನಾಳೇನಽ ಕಲ್ಲು ಕೀಳಸ್ತೀನವ್ವಾ" ಅಂದಳು. "ಈ ಕೊಟ್ಟಗಿ ಗ್ವಾಡಿಗೆ ಹಚ್ಚಸ್ತೀನಿ. ಖರೆ ಎಲ್ಲಿ ಐತೋ ಅಲ್ಲೇ ಇರಲಿ."

ದುರಗವ್ವ ಥಟ್ಟನೆ ತಲೆಯೆತ್ತಿದಳು. "ಏನಂದ್ರಿ? ಸತ್ತು ಮೂವತ್ತು ವರ್ಷಕ್ಕ ಒಮ್ಮೆ ಮುಂದಿನ ಬಾಗಲಕ್ಕ ಬಂದಾಳ. ಮತ್ತ ಹಿಂದಕ್ಕ ಕಳಸ್ತೀರೇನ್ರಿ ಆಕೀನ?"

ಸುಳ್ಳು ಮುಂಬಾಗಿಲಲ್ಲಿ, ಖರೆ ಕೊಟ್ಟಿಗೆಯಲ್ಲಿ. ಮರ್ಯಾದೆ ಕೊಡಹೋದರೆ ಸುಳ್ಳಾಗುತ್ತದೆ, ಖರೆ ಹೇಳಹೋದರೆ ಮತ್ತೆ ಅವಮಾನವಾಗುತ್ತದೆ. ಅರವತ್ತೆಂಟು ವರ್ಷ ಬದುಕಿದರೂ ಇಂಥದಕ್ಕೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

"ಹಂಗಾರ ಕಲ್ಲು ಅಲ್ಲೇ ಇರಲಿ" ಅಂದಳು, ಒಂದೊಂದೇ ಮಾತು ಹುಡುಕಿಕೊಂಡು. "ಖೋಲಿ ಯಾವುದು ಅಂತ ಕೇಳಿದವರನ್ನ ಮಾತ್ರ ನಾ ಇಲ್ಲಿಗೇ ಕರಕೊಂಡು ಬರತೀನಿ. ಮುಂದಿನ ಬಾಗಲದಿಂದ ಕರಕೊಂಡು ಬರತೀನಿ. ಆತಿಲ್ಲೋ?"

"ನಿಮ್ಮ ಮಗಾ ಏನಂತಾರೋ."

"ಕಲ್ಲು ಹಚ್ಚಿದಾಂವ ಅವ. ಖೋಲಿ ತೋರಸಾಕಿ ನಾ."

ಒಳಗೆ ಕೂಸು ಅತ್ತಿತು. ದುರಗವ್ವ ಚೀಲದಿಂದ ಎಣ್ಣೆ ಬಾಟ್ಲಿ ತೆಗೆದು ಬಚ್ಚಲಿಗೆ ಹೋದಳು.

ಎರೆದು, ಒರೆಸಿ, ಕೂಸನ್ನು ಶೈಲಾಳ ಕೈಗೆ ಕೊಟ್ಟ ಮೇಲೆ ದುರಗವ್ವ ಹಂಡೆಯಿಂದ ಒಂದು ಬಿಂದಿಗೆ ನೀರು ತೋಡಿ, ತಾನು ಕುಳಿತಿದ್ದ ಕಲ್ಲಿಗೆ ಸುರಿಯಲು ಬಾಗಿದಳು. ಬಾಗಿಲಲ್ಲಿ ನಿಂತಿದ್ದ ಸುಮಿತ್ರವ್ವ, "ಅದೇನು ಮಾಡಾಕತ್ತೀ?" ಎಂದು ಕೂಗಿದಳು.

"ಆಯಿ ಕಲಿಸ್ಯಾಳ್ರಿ. ನಾವು ಎದ್ದು ಹೋದ ಮ್ಯಾಲ ಆ ಮನಿ ಸೊಸಿ ತೊಳಿಬೇಕಾಗತೈತಿ. ಪಾಪ, ಆಕೀಗಾದ್ರೂ ಯಾಕ ತ್ರಾಸು, ನಾವಽ ತೊಳದು ಬಿಡಬೇಕು ಅಂತಿದ್ಳು."

ಹಾಗಾದರೆ ಅವತ್ತು ತಿರುಗದ ಬೆನ್ನಿಗೆ ಎಲ್ಲ ಗೊತ್ತಿತ್ತು. ಯಾರು ತೊಳೆದರು ಎಂಬುದೂ ಗೊತ್ತಿತ್ತು. ತೊಳೆದವಳ ಮೇಲೆ ಮರುಕವೂ ಇತ್ತು. ಸುಮಿತ್ರವ್ವನಿಗೆ ಈ ಮರುಕವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಏನೂ ತಿಳಿಯದೆಯೇ ಒಳಗೆ ನಡೆದು, ಗೋಡೆ ಹಿಡಿದು, ತೊಳೆಯದ ಆ ಕಲ್ಲಿನ ಮೇಲೆ ಉಟ್ಟ ಸೀರೆಯಲ್ಲೇ ಕುಳಿತುಬಿಟ್ಟಳು.

"ಅತ್ತೀ, ಅಲ್ಯಾಕ ಕುಂತ್ರಿ? ಸೀರಿ ತೊಯ್ತು!" ಎಂದು ಶೈಲಾ ಕೂಸು ಹಿಡಿದುಕೊಂಡೇ ಓಡಿಬಂದಳು.

"ತೊಯ್ಲಿ. ಆ ನೀರು ನನಗಽ ಹಾಕವ್ವಾ ದುರಗವ್ವಾ" ಅಂದಳು ಸುಮಿತ್ರವ್ವ.

ದುರಗವ್ವ ಬಿಂದಿಗೆ ಹಿಡಿದು ನಿಂತೇ ಇದ್ದಳು. ಮುದುಕಿಗೆ ತಲೆ ಕೆಟ್ಟಿತೋ ಏನೋ ಅನ್ನುವ ಹಾಗೆ ಶೈಲಾಳ ಕಡೆ ನೋಡಿದಳು, ಶೈಲಾ ಇವಳ ಕಡೆ ನೋಡಿದಳು. ಆಮೇಲೆ ದುರಗವ್ವ ಕೆಳಗೆ ಕುಳಿತಳು. ರೂಢಿಯ ಹಾಗೆ ನೀರನ್ನು ಮೊದಲು ತನ್ನ ಪಾದಕ್ಕೆ ಹಾಕಿ ಬಿಸಿ ನೋಡಿಕೊಂಡು, ಮುದುಕಿಯ ಮುಖಕ್ಕೆ ಬಾಗಿದಳು.

"ಬಂದ್ರಿ?" ಎಂದು ಕೇಳಿದಳು. "ಆರಾಮ ಬಂದ್ರಿ? ದಾರಿ ದೂರ ಆತೇನ್ರಿ?"

"ಭಾಳ ದೂರ ಆತವ್ವಾ" ಅಂದಳು ಸುಮಿತ್ರವ್ವ.